ರೆಕ್ಕೆಯೊಳಗಿನ ಹಸಿರು ಬಣ್ಣ

ಶಹಾಪುರದಲ್ಲಿ ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವವನು ನಾನು. ನಮ್ಮ ಕೆಲಸದಲ್ಲಿ ದಿನಾ ಒಂದು ಫಜೀತಿ ಇದ್ದದ್ದೇ. ಆದರೆ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ನಮ್ಮ ಓಣಿಯ ಸಾಹೇಬರು, ಹಳೇ ಹತ್ತಿ ಗೋದಾಮಿನಲ್ಲಿ ತಾವೇ ಎರಡು ಸೀಟಿನ ವಿಮಾನ ಕಟ್ಟತೊಡಗಿ ನನ್ನನ್ನು ಕರೆದರು ನೋಡಿ, ಅಲ್ಲಿ ಪಟ್ಟಷ್ಟು ಹೆದರಿಕೆ ನಾನು ಎಲ್ಲೂ ಪಟ್ಟಿಲ್ಲ.

೧

ಮೊದಲ ದಿನ ಅಲ್ಯೂಮಿನಿಯಂ ತಗಡುಗಳನ್ನು ತೋರಿಸಿ, "ಇವಕ್ಕ ತುಕ್ಕು ಹಿಡೀಬಾರ್ದಂತ ಈ ಹಸಿರು ಪ್ರೈಮರ್ ಹೊಡೀಬೇಕು" ಅಂದರು.

"ಅಲ್ಯೂಮಿನಿಯಂಗ ಎಲ್ಲಿ ಜಂಗ ಹಿಡಿತದ್ರಿ ಸಾಹೇಬ್ರ?"

ಅವರು ಒಂದು ಹಳೇ ತುಂಡು ಕೈಗಿಟ್ಟರು. ಮೇಲೆ ಬೂದಿಯಂಥ ಬಿಳಿ ಪುಡಿ. ಉಗುರಿನಿಂದ ಕೆರೆದರೆ ತೂತೇ ಬಿತ್ತು.

"ರೆಕ್ಕಿಯೊಳಗ ಹಿಂಗಾದ್ರ?" ಎಂದು ಕೇಳಿದೆ.

"ಮ್ಯಾಲಿದ್ದಾಂವ ಕೆಳಗ ಬರ್ತಾನ."

ನಾನು ಸ್ಪ್ರೇ ಗನ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಸಾಹೇಬರು ಬೆನ್ನು ತಟ್ಟಿ, "ನೀ ಯಾಕ ಅಂಜ್ತಿ? ಬೀಳಾಂವ ನಾ!" ಅಂದರು.

೨

ಆ ಪ್ರೈಮರ್ ಗಾಳಿ ವಿಷ. ಅದಕ್ಕೇ ತಲೆಯಿಂದ ಕಾಲತನಕ ಬಿಳಿ ಅಂಗಿ, ಮುಖಕ್ಕೆ ಮುಸುಕು. ಒಂದು ಮಧ್ಯಾಹ್ನ ಅದೇ ವೇಷದಲ್ಲಿ ಚಹಾಕ್ಕೆಂದು ಹೊರಬಂದೆ. ಎದುರು ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿ ನನ್ನನ್ನು ನೋಡಿದ್ದೇ, "ಯವ್ವಾ, ಕೊರೊನಾ ಮತ್ತ ಬಂತು!" ಎಂದು ಎದ್ದು ಓಡಿದಳು.

ಮುಸುಕಿನೊಳಗೆ ನನಗೆ ಕೇಳಿಸಿದ್ದು "ಬಂತು" ಅಷ್ಟೇ. ಗೂಳಿಯೇ ಬಂತೇನೋ ಎಂದು ಹೆದರಿ ನಾನೂ ಆಕೆಯ ಹಿಂದೆಯೇ ಓಡಿದೆ. ನಾನು ಓಡಿದಷ್ಟೂ ಆಕೆ ಜೋರು. ಮೊಣಕಾಲು ಹಿಡಿಯದೆ ಎದ್ದು ನಿಲ್ಲಲಾಗದ ಅಜ್ಜಿಯನ್ನು ಬಸ್‌ಸ್ಟ್ಯಾಂಡ್‌ತನಕ ಓಡಿದರೂ ದಾಟಲಾಗಲಿಲ್ಲ.

೩

ಬಲಗಡೆ ರೆಕ್ಕೆಗೆ ತಗಡು ಹೊದಿಸಿ, ರಿವೆಟ್ ಮೊಳೆ ಹಾಕಿ ಮುಚ್ಚಿಯಾಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ತಲೆಗೆ ಬಂತು: ಒಳಗಿನ ಒಂದು ಪಟ್ಟಿಯ ಹಿಂಬದಿಗೆ ಪ್ರೈಮರ್ ಹೊಡೆದೆನೋ ಇಲ್ಲವೋ? ರೊಟ್ಟಿ ತಾಟಿನಲ್ಲೇ ಬಿಟ್ಟು ಹೆಂಡತಿಗೆ ಹೇಳಿದೆ.

ಆಕೆ, "ಹೋಗಿ ಹೇಳ್ರಿ. ಬೈದ್ರ ಬೈಸ್ಕೊಂಡು ಬರ್ರಿ. ಮನಶ್ಯಾ ಬಿದ್ರ ಏನ್ ಮಾಡ್ತೀರಿ?" ಅಂದಳು.

ಹೋಗಿ ಹೇಳಿದೆ. ಸಾಹೇಬರು ಬೈಯಲಿಲ್ಲ. ರಿವೆಟ್ ಕೊರೆಯಲು ಡ್ರಿಲ್ ಎತ್ತಿಕೊಂಡರು. ಅವರ ಹೆಂಡತಿ ಬಾಯಾರು ಟಾರ್ಚ್ ಹಿಡಿದರು. ಒಂದೊಂದೇ ರಿವೆಟ್ ತೆಗೆದು ತಗಡು ಎತ್ತಿ ಒಳಗೆ ಇಣುಕಿದೆವು.

ಪಟ್ಟಿ ಹಿಂದೆ ಮುಂದೆ ಎಲ್ಲ ಹಸಿರು! ಹೊಡೆದಿದ್ದೆ. "ಉಳಿದೆ" ಎನ್ನುವಷ್ಟರಲ್ಲಿ ಒಳಗೆ ಏನೋ ಮಿಂಚಿತು. ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚನ್ನು ಆಡಿಸುವ ಸಲಾಕೆಯ ಪಕ್ಕದಲ್ಲೇ ಸಾಹೇಬರ ಕನ್ನಡಕ ಬಿದ್ದಿತ್ತು.

ಸಾಹೇಬರು ಕೈ ಹಾಕಿ ಅದನ್ನು ಹೊರತೆಗೆದರು. "ಮ್ಯಾಲ ಹೋದಾಗ ಇದು ಸಲಾಕಿಗೆ ಸಿಕ್ಕೊಂಡಿದ್ರ ನನ್ನ ಕತಿ ಮುಗೀತಿತ್ತು. ನೀ ಜೀವಾ ಉಳಿಸ್ದಿ" ಎಂದು ನನ್ನ ಕೈ ಹಿಡಿದುಕೊಂಡರು.

ಬಾಯಾರು ಟಾರ್ಚನ್ನು ನಿಧಾನಕ್ಕೆ ಗಂಡನ ಮುಖಕ್ಕೆ ತಿರುಗಿಸಿದರು.

"ಕನ್ನಡಕ ಎಲ್ಲಿಟ್ಟೀದಿ ಅಂತ ಹದಿನೈದು ದಿನ ನನ್ನ ಮ್ಯಾಲ ಹಾರಾಡಿದ್ರಿ. ವಿಮಾನಕ್ಕಿಂತ ಮೊದ್ಲ ನೀವ ಹಾರಿಬಿಟ್ರಲ್ರಿ!"