ಹೊಸದುರ್ಗದ ನಡುಮನೆಯಲ್ಲಿ ಸಮುದ್ರ

ಗಂಡನಾದವನಿಗೆ ಮನೆಯಲ್ಲಿ ಯಾವ ಕೆಲಸ ಯಾವಾಗ ಗಂಟುಬೀಳುತ್ತದೆಂದು ಹೇಳಲಾಗದು. ನಾನು ತರಕಾರಿ ಹೆಚ್ಚಿದ್ದೇನೆ, ಗ್ಯಾಸ್ ಸಿಲಿಂಡರ್ ಹೊತ್ತಿದ್ದೇನೆ, ಅತ್ತೆಯವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹಾಲುರಾಮೇಶ್ವರದ ಗುಡಿಗೆ ಹೋಗಿ, ಒಂದು ಮಾತೂ ಎದುರಾಡದೆ ವಾಪಸು ಕರೆತಂದಿದ್ದೇನೆ. ಆದರೆ ಹೊಸದುರ್ಗದ ನಮ್ಮ ನಡುಮನೆಯಲ್ಲಿ ಕುಳಿತು ಸಮುದ್ರವಾಗಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೋದ ವರ್ಷ ಚಿತ್ರದುರ್ಗದಲ್ಲಿ ಶಿಕ್ಷಕರ ಮಾದರಿ ಸ್ಪರ್ಧೆಗೆ ಗಾಳಿಯಂತ್ರ ಮಾಡಿಕೊಂಡು ಹೋಗಿದ್ದಳು. ನಮ್ಮ ಕಡೆ ತಲೆ ಎತ್ತಿದರೆ ಗುಡ್ಡ, ಗುಡ್ಡದ ಮೇಲೆಲ್ಲ ಗಾಳಿಯಂತ್ರ. ಸ್ಪರ್ಧೆಯ ಮೇಜುಗಳ ಮೇಲೂ ಅವೇ ತಿರುಗುತ್ತಿದ್ದವು. ತೀರ್ಪುಗಾರರು ಅವಳ ಮೇಜಿನ ಮುಂದೆ ನಿಲ್ಲಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಲ್ಲದೆ ಕೂತಿದ್ದಳು. ಅವಳು ಸುಮ್ಮನಾದರೆ ನನಗೆ ಊಟ ಸೇರುವುದಿಲ್ಲ. "ಈ ಸಲ ಸಮುದ್ರದ ಅಲೆಯಿಂದ ಕರೆಂಟ್ ಮಾಡಿ ತೋರಿಸ್ತೀನ್ರಿ. ಅವರು ನಿಂತು ನೋಡ್ಲೇಬೇಕು," ಎಂದು ಈ ವರ್ಷ ಹಟ ಹಿಡಿದಾಗ ನಾನೂ ಹೂಂ ಎಂದೆ.

ದೊಡ್ಡ ಟಬ್ಬಿನ ತುಂಬ ನೀರು, ಅದರಲ್ಲಿ ತೇಲುವ ಖಾಲಿ ಡಬ್ಬಿ, ಡಬ್ಬಿಗೊಂದು ಕಡ್ಡಿ, ಕಡ್ಡಿಯ ತುದಿಗೆ ಅಯಸ್ಕಾಂತ. ಅಲೆಗೆ ಡಬ್ಬಿ ಏರಿಳಿದರೆ ಅಯಸ್ಕಾಂತ ತಾಮ್ರದ ತಂತಿಯ ಸುರುಳಿಯೊಳಗೆ ಹೋಗಿಬಂದು ಪುಟ್ಟ ಬಲ್ಬು ಮಿನುಗುತ್ತದೆ. ಇದನ್ನೇ ಮನೆಯಷ್ಟು ದೊಡ್ಡದಾಗಿ ಮಾಡಿ ಸಮುದ್ರದಲ್ಲಿ ತೇಲಿಬಿಡುತ್ತಾರಂತೆ. ಎಲ್ಲ ಇತ್ತು, ಅಲೆಯೊಂದಿರಲಿಲ್ಲ. ಗಿರಿಜಾ ನನ್ನ ಕೈಗೊಂದು ಹಲಗೆ ಕೊಟ್ಟಳು. ಮೊದಲ ದಿನ ನಾನು ಉತ್ಸಾಹದಿಂದ ಎಬ್ಬಿಸಿದ ಅಲೆಗೆ ಅರ್ಧ ಸಮುದ್ರ ಮಂಚದ ಕೆಳಗೆ ಹೋಯಿತು. ನನ್ನ ಅವ್ವ ತುರುವನೂರಿನ ಕಡೆ ಕುರಿ ಕಾದು ಬೆಳೆದವಳು, ಸಮುದ್ರ ಕಂಡವಳಲ್ಲ. ಗೋಡೆಗೊರಗಿ ಎಲೆ ಅಡಿಕೆ ಜಗಿಯುತ್ತ, "ಲೇ, ಎಮ್ಮೆ ಮೈ ತೊಳ್ದಂಗೆ ಬಡೀಬ್ಯಾಡ. ತೊಟ್ಲು ತೂಗ್ದಂಗೆ ತೂಗು," ಎಂದಳು. ತೂಗಿದೆ. ಬಲ್ಬು ಮಿನುಗಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನನ್ನನ್ನು ಮೆಚ್ಚಿದ್ದು ಅದೇ ಮೊದಲು.

ಸ್ಪರ್ಧೆಯ ದಿನವೂ ಟಬ್ಬಿನ ಪಕ್ಕ ಹಲಗೆ ಹಿಡಿದು ಅಲೆ ಎಬ್ಬಿಸುವವನು ನಾನೇ. ಹಿರಿಯ ತೀರ್ಪುಗಾರರೊಬ್ಬರು ನಕ್ಕು, "ಏನ್ ಮೇಡಂ, ದುರ್ಗದಾಗೆ ಸಮುದ್ರ ಎಲ್ಲೈತ್ರಿ?" ಎಂದರು. ಸುತ್ತಲಿನವರೂ ನಕ್ಕರು. ಗಿರಿಜಾ ಮಾತ್ರ ಅಳುಕಲಿಲ್ಲ.

"ಮಳೆಗಾಲದಾಗೆ ನಮ್ ಗುಡ್ಡದ ಮೇಲೆ ರೆಕ್ಕೆ ತಿರುಗ್ಸೋ ಗಾಳಿ ಎಲ್ಲಿಂದ ಬರ್ತೈತ್ರಿ ಸರ್? ಸಮುದ್ರದ ಮೇಲಿಂದ. ದಾರಿಯಾಗೆ ಅಲೆ ಎಬ್ಬಿಸ್ಕೊಂಡೇ ಬಂದಿರ್ತೈತೆ. ಅಲ್ಲಿ ಅಲೆ, ಇಲ್ಲಿ ರೆಕ್ಕೆ. ಒಂದೇ ಗಾಳಿದು ಎರಡು ದುಡಿಮೆ."

ನಗು ನಿಂತಿತು. ಪಕ್ಕದ ಮೇಜಿನವರೂ ಬಂದು ನಿಂತರು. ಈಕೆ ನನ್ನ ಹೆಂಡತಿ ಕಣ್ರೀ ಎಂದು ಕೂಗಬೇಕೆನಿಸಿತು. ನನ್ನ ಎದೆ ಉಬ್ಬಿತು. ಎದೆ ಉಬ್ಬುವ ಸಂಭ್ರಮದಲ್ಲಿ ಕೈ ನಿಂತಿತು. ಬಲ್ಬು ಆರಿತು.

"ಅಯ್ಯೋ, ಕೆಟ್ಹೋಯ್ತೇನ್ರಿ?" ಎಂದರು ತೀರ್ಪುಗಾರರು.

ಗಿರಿಜಾ ನನ್ನ ಕಡೆ ನೋಡಿದಳು. ಆ ನೋಟ ನನಗೆ ಹೊಸದಲ್ಲ. ಆಮೇಲೆ ಅವರತ್ತ ತಿರುಗಿ, "ಕೆಟ್ಟಿಲ್ಲ ಸರ್. ಅಲೆ ಕರೆಂಟಿನ ದೊಡ್ಡ ತೊಂದ್ರೆನೇ ಇದು. ಸಮುದ್ರ ಒಂದೇ ಸಮ ಇರಲ್ಲ. ಒಂದಿನ ಯಂತ್ರ ಮುರಿಯೋ ಹಂಗೆ ಕುಣೀತೈತೆ, ಒಂದಿನ ಹಿಂಗೆ ಬಾಯಿ ಬಿಟ್ಕಂಡು ನಿಂತ್ಕಳ್ತೈತೆ. ಇಂಥದ್ರ ಕೈಲಿ ದುಡಿಸ್ಕೊಳ್ಳೋದೇ ಇಂಜಿನಿಯರುಗಳಿಗೆ ತಲೆನೋವು," ಎಂದಳು.

ಎಲ್ಲರಿಗಿಂತ ಜೋರಾಗಿ ತೀರ್ಪುಗಾರರೇ ನಕ್ಕರು. ಮೊದಲ ಬಹುಮಾನ ಅವಳಿಗೇ ಬಂತು. ಬಸ್ಸು ಹೊಳಲ್ಕೆರೆ ದಾಟಿದರೂ ಅವಳ ಮಾತು ಮುಗಿದಿರಲಿಲ್ಲ. ಅಷ್ಟು ಸುಖದ ಪ್ರಯಾಣ ನಾನು ಮಾಡಿದ್ದೇ ಇಲ್ಲ.

ಸರಿಯಾದ ಹೊತ್ತಿಗೆ ನಾನು ಕೈ ನಿಲ್ಲಿಸಿದ್ದರಿಂದಲೇ ಬಹುಮಾನ ಬಂತೆಂದು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಗಿರಿಜಾ ಅಲ್ಲಗಳೆಯುವುದಿಲ್ಲ. ಆದರೆ ಒಲೆಯ ಮೇಲೆ ಹಾಲು ಉಕ್ಕುವಾಗ ನಾನು ಪೇಪರ್ ಹಿಡಿದು ಕೂತಿದ್ದರೆ, ಕೋಣೆಯಿಂದ, "ಅತ್ತೆ, ಸಮುದ್ರ ನಿಂತೈತೆ ನೋಡ್ರಿ," ಎಂಬ ದನಿ ಬರುತ್ತದೆ. ಅವ್ವ ಸಣ್ಣಗೆ ಕೆಮ್ಮುತ್ತಾಳೆ. ನಾನು ಎದ್ದು ಹೋಗಿ ಒಲೆ ಆರಿಸುತ್ತೇನೆ, ಬಹುಮಾನ ಗೆದ್ದ ಸಮುದ್ರವೆಂಬ ಹೆಮ್ಮೆಯಿಂದಲೇ.