ನನ್ನ ಭಾವನ ಸ್ಪಂಜಿನ ಕತ್ತಿ

ಒಮಾನಿನಲ್ಲಿ ಸದ್ಯ ಬದುಕಿರುವ ಅತಿ ಭಯಂಕರ ಯೋಧ ಯಾರೆಂದರೆ, ನನ್ನ ಭಾವ! ನಂಬುವುದಿಲ್ಲವೇ? ನಂಬಿಸಲು ಅವರು ಪಟ್ಟ ಪಾಡೇ ಈ ಕತೆ. ವಾರವಿಡೀ ರೂವಿ ಪೇಟೆಯ ಎಸಿ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್, ಶುಕ್ರವಾರ ಬೆಳಿಗ್ಗೆ ಮಾತ್ರ ಮಧ್ಯಯುಗದ ಸರದಾರ. ಊರಾಚೆ ಒಣಗಿದ ಹಳ್ಳದ, ಇಲ್ಲಿಯವರು ವಾದಿ ಎನ್ನುವುದರ, ಮರಳಿನಲ್ಲಿ ಹಳೆ ಕಾಲದ ಕಾಳಗ ಆಡುವ ಗುಂಪೊಂದಿದೆ. ಆಯುಧ? ಪ್ಲಾಸ್ಟಿಕ್ ಪೈಪು, ಅದರ ಮೇಲೆ ಎಸಿ ಪೈಪಿಗೆ ಹಾಕುವ ಕಪ್ಪು ಸ್ಪಂಜು. ದೂರದಿಂದ ನೋಡಿದರೆ ದೊಡ್ಡ ಮನುಷ್ಯರೆಲ್ಲ ಬದನೆಕಾಯಿ ಹಿಡಿದು ಬಡಿದಾಡಿಕೊಂಡ ಹಾಗಿರುತ್ತದೆ.

ಕಳೆದ ವರ್ಷ ಪಾರ್ಶ್ವವಾಯು ಬಡಿದು ಭಾವನ ಬಲಗೈ ನಿಧಾನವಾಯಿತು. ಅಂದಿನಿಂದ ಎದುರಾಳಿಗಳೆಲ್ಲ ಅವರನ್ನು ಕತ್ತಿಯಿಂದ ಮೆಲ್ಲಗೆ ಸವರಿ, ಅಂಕಲ್ ಓಕೆಯಾ ಎಂದು ಕೇಳತೊಡಗಿದರು. ರಣರಂಗದಲ್ಲಿ ಕುಶಲೋಪರಿ! ಭಾವನಿಗೆ ಮೈಯೆಲ್ಲ ಉರಿ.

"ಕತ್ತಿ ಆಟಿಕೆಯ ಹಾಗೆ ಉಂಟು ಮಾರಾಯ. ನಿಜದ್ದರ ಹಾಗೆ ಕಂಡರೆ ಅವರು ಸಹ ಸರಿಯಾಗಿ ಹೊಡೆದಾರು."

ಸರಿ, ಕಾರ್ಖಾನೆ ಶುರು. ಸ್ಪಂಜಿಗೆ ಎಸಿಯ ಬೆಳ್ಳಿ ಬಣ್ಣದ ಟೇಪು ಸುತ್ತಿ, ಅಕ್ಕನ ಸಾರಿನ ಸೌಟಿನ ಬೆನ್ನಿನಿಂದ ತಿಕ್ಕಿದರು. ಉಕ್ಕಿನ ಹೊಳಪು ಬಂತು, ಸೌಟು ಕೆಟ್ಟಿತು. ಪುರಾತನವಾಗಿ ಕಾಣಲಿ ಎಂದು ಕರಿ ಶೂ ಪಾಲಿಶ್ ಹಚ್ಚಿದರು. ಹಿಡಿಗೆ ಸುತ್ತಲು ಚರ್ಮ ಬೇಕಲ್ಲ? ನನ್ನ ಬೆಲ್ಟು ಹೋಯಿತು! ಆ ವಾರ ನನ್ನ ಪ್ಯಾಂಟು ಯಾವ ಧೈರ್ಯದಲ್ಲಿ ನಿಂತಿತ್ತೋ ದೇವರಿಗೇ ಗೊತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಕ್ಸಿ, ಕಾರಿನ ಕೀ, ಡ್ರಿಲ್ಲಿಂಗ್ ಮೆಷಿನ್ ಸಾಲಿನಲ್ಲಿ ಈ ಕತ್ತಿಯೂ ರಾಜಗಾಂಭೀರ್ಯದಿಂದ ಮಲಗಿತು. ಅಕ್ಕ ಗೊಣಗುತ್ತಲೇ ಅದಕ್ಕೂ ಕುಂಕುಮ ಹಚ್ಚಿ ನೀರು ಚಿಮುಕಿಸಿದಳು. ಕುಂಕುಮ ಕರಗಿ ಅಲಗಿನುದ್ದಕ್ಕೂ ಇಳಿಯಿತು. ಭಾವ ಕುಣಿಯುವುದೊಂದು ಬಾಕಿ! ಇಂಥ ರಕ್ತ ಯಾವ ಬಣ್ಣದಂಗಡಿಯಲ್ಲಿ ಸಿಗುತ್ತದೆ, ಒರೆಸಕೂಡದು ಎಂದು ಹಟ ಹಿಡಿದರು. ಪೂಜೆಯಾದ ಕತ್ತಿಯಿಂದ ಜನರಿಗೆ ಹೊಡೆಯುವುದೇ ಎಂದು ಅಕ್ಕ ಕೂಗಾಡಿದಳು. ಕೊನೆಗೆ, ಯಾರೂ ಅದನ್ನು ತುಳಿಯದ ಹಾಗೆ ನೋಡಿಕೊಳ್ಳಲು ಶುಕ್ರವಾರ ತಾನೇ ನಮ್ಮ ಜೊತೆ ವಾದಿಗೆ ಹೊರಟಳು.

ಎದುರಾಳಿ ಒಬ್ಬ ಮಲಯಾಳಿ ಅಕೌಂಟೆಂಟ್, ಮಹಾ ಸಾಧು. ರಕ್ತ ಸುರಿಯುವಂತೆ ಕಾಣುವ ಅಲಗು ಮುಖದತ್ತ ಬಂದದ್ದೇ ತಡ, ಗಾಬರಿಯಲ್ಲಿ ದಾಕ್ಷಿಣ್ಯವೆಲ್ಲ ಮರೆತು ಬೀಸಿದ. ಧಡ್! ಭಾವ ಮರಳಿನಲ್ಲಿ ಅಂಗಾತ ಬಿದ್ದರು.

ನನಗೆ ಜೀವವೇ ಹಾರಿಹೋಯಿತು. ಓಡಿದೆ. ನೋಡಿದರೆ ಭಾವ ನಗುತ್ತಿದ್ದಾರೆ! ಯಾರೂ ಎತ್ತಬೇಡಿ ಎಂದು ಹೇಳಿ, ಆ ನಿಧಾನದ ಬಲಗೈಯನ್ನೇ ಊರಿ ಎದ್ದು ಕೂತರು. ಅಕೌಂಟೆಂಟ್ ಕೈಮುಗಿದು ಕ್ಷಮೆ ಕೇಳತೊಡಗಿದ. ಅಕ್ಕ ಅವನನ್ನು ತಡೆದಳು. ಅವಳ ಕಣ್ಣು ತುಂಬಿತ್ತು.

"ಕ್ಷಮೆ ಎಲ್ಲ ಎಂತಕ್ಕೆ? ಒಂದು ವರ್ಷದಿಂದ ಇವರು ಕಾದದ್ದೇ ಇದಕ್ಕೆ."

ಅಕ್ಕ ಮರಳಲ್ಲಿ ಬಿದ್ದಿದ್ದ ಕತ್ತಿಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಭಾವನ ಬಲಗೈಗೇ ಕೊಟ್ಟಳು.

"ಹೋಗಿ, ನೀವು ಸಹ ಒಂದು ಕೊಟ್ಟು ಬನ್ನಿ."