ಮುಗಿಯದ ಮಾರ್ಚ್ ತಿಂಗಳು

ಒಮ್ಮೆ ದುಡ್ಡು ಕೊಟ್ಟು ಕೊಂಡದ್ದು ಕೊನೆಯ ತನಕ ನನ್ನದಾಗಿರಬೇಕು ಎನ್ನುವುದು ನನ್ನ ಹುಟ್ಟುಗುಣ. ತಿಂಗಳು ತಿಂಗಳು ಕಟ್ಟಬೇಕು ಎಂದರೆ ಮೈ ಉರಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಾಸಪತ್ರಿಕೆಗೆ ಆಜೀವ ಚಂದಾದಾರನಾದೆ. ಎರಡು ವರ್ಷಕ್ಕೆ ಪತ್ರಿಕೆ ತೀರಿಕೊಂಡಿತು, ನಾನಿನ್ನೂ ಇದ್ದೇನೆ. ಆಮೇಲೆ ಮೊಬೈಲ್ ಬಂದಾಗ ಲೈಫ್‌ಟೈಮ್ ಸಿಮ್ ಒಂದನ್ನು ಕೊಂಡು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಈಗ ಅದಕ್ಕೆ ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜ್ ಮಾಡಿಸದಿದ್ದರೆ ಒಳಬರುವ ಕರೆಯೂ ನಿಂತುಹೋಗುತ್ತದೆ. ನಾನು ಆಜೀವ ಎಂದು ಸೇರಿದ್ದಕ್ಕೆಲ್ಲ ಆಯಸ್ಸು ಕಮ್ಮಿ ಎಂದು ನನ್ನ ಹೆಂಡತಿ ಗಿರಿಜೆ ಹೇಳುತ್ತಾಳೆ. ಮದುವೆಯಾಗಿ ಮೂವತ್ತೈದು ವರ್ಷವಾಗಿದೆಯಲ್ಲ ಎಂದರೆ, ಅದನ್ನು ದಿನಾ ರಿನ್ಯೂ ಮಾಡುತ್ತಿರುವವಳು ತಾನು ಎನ್ನುತ್ತಾಳೆ.

ಚಾಮರಾಜನಗರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಗುಂಡ್ಲುಪೇಟೆಯ ಹೊರಗೆ, ಬಂಡೀಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ವೇಬ್ರಿಡ್ಜ್ ಹಾಕಿದೆ. ಲಾರಿ ಖಾಲಿ ಬಂದಾಗ ಒಂದು ಸಲ ತೂಗುತ್ತೇವೆ, ತುಂಬಿಕೊಂಡು ಬಂದಾಗ ಇನ್ನೊಂದು ಸಲ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸರಕಿನ ತೂಕ. ಮೂರನೇ ಕ್ಲಾಸಿನ ಲೆಕ್ಕ. ಆದರೆ ಇದನ್ನು ಮಾಡಿ ಚೀಟಿ ಮುದ್ರಿಸಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬೇಕು. ಚಾಮರಾಜನಗರದ ಅಂಗಡಿಯೊಂದರಿಂದ ಒಂದೇ ಕಂತಿನಲ್ಲಿ ಕೊಂಡು, ಲೈಫ್‌ಟೈಮ್ ಲೈಸೆನ್ಸ್ ಎಂದು ಬರೆದಿದ್ದ ಕಾಗದಕ್ಕೆ ಫ್ರೇಮು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದೆ. ಕಳೆದ ಮಾರ್ಚ್‌ನಲ್ಲಿ ಹಲ್ಲಿಯೊಂದು ಕಂಪ್ಯೂಟರಿನ ಒಳಗೆ ಹೊಕ್ಕು ತಾನೂ ಸುಟ್ಟುಕೊಂಡು ಅದನ್ನೂ ಸುಟ್ಟಿತು. ಹೊಸ ಕಂಪ್ಯೂಟರಿಗೆ ಹಳೆಯ ಸಾಫ್ಟ್‌ವೇರ್ ಒಗ್ಗಲಿಲ್ಲ. ಅಂಗಡಿಯವರು ಹೊಸದನ್ನು ಹಾಕಿಕೊಟ್ಟು, ಇದಕ್ಕೆ ಲೈಫ್‌ಟೈಮ್ ಇಲ್ಲ ಮೇಷ್ಟ್ರೆ, ತಿಂಗಳಿಗೋ ವರ್ಷಕ್ಕೋ ಕಟ್ಟುತ್ತಾ ಹೋಗಬೇಕು, ಸದ್ಯಕ್ಕೆ ಮೂವತ್ತು ದಿನ ಬಿಟ್ಟಿ ಎಂದರು.

ಬಿಟ್ಟಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನನ್ನ ಗಣಿತ ಚುರುಕಾಯಿತು. ಮೂವತ್ತು ದಿನ ಮುಗಿಯಿತೆಂದು ಸಾಫ್ಟ್‌ವೇರಿಗೆ ಗೊತ್ತಾಗುವುದು ಹೇಗೆ? ಕಂಪ್ಯೂಟರಿನ ಮೂಲೆಯಲ್ಲಿರುವ ತಾರೀಖನ್ನು ನೋಡಿ. ಆ ತಾರೀಖನ್ನು ತಿದ್ದುವವರು ಯಾರು? ನಾನು. ಇಪ್ಪತ್ತೊಂಬತ್ತನೇ ದಿನ ಅದನ್ನು ಮಾರ್ಚ್ ಒಂದಕ್ಕೆ ಹಿಂದೆ ತಳ್ಳಿದೆ. ಸಾಫ್ಟ್‌ವೇರ್ ಬಾಯಿ ಮುಚ್ಚಿಕೊಂಡು ಮತ್ತೆ ಕೆಲಸ ಶುರುಮಾಡಿತು. ಹೀಗೆ ಊರಿನಲ್ಲಿ ಯುಗಾದಿ ಕಳೆದು, ಮುಂಗಾರು ಬಂದು, ಗೌರಿ ಹಬ್ಬ ಹತ್ತಿರವಾದರೂ ನಮ್ಮ ವೇಬ್ರಿಡ್ಜಿನಲ್ಲಿ ಮಾತ್ರ ಮಾರ್ಚ್ ತಿಂಗಳೇ ನಡೆಯುತ್ತಿತ್ತು. ಚೀಟಿಯಲ್ಲಿ ಬರುತ್ತಿದ್ದ ತಪ್ಪು ತಾರೀಖನ್ನು ನಾನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಕೆಳಗೆ ರುಜು ಹಾಕುತ್ತಿದ್ದೆ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ಯಂತ್ರದ ತಪ್ಪು ತಿದ್ದುವುದರಲ್ಲಿ ಒಂದು ಸುಖವಿತ್ತು. ಚೀಟಿ ತೆಗೆದುಕೊಂಡವರು ಯಾರೂ ಏನೂ ಕೇಳಲಿಲ್ಲ. ತೆರಕಣಾಂಬಿಯಿಂದ ಹಿಡಿದು ಚಾಮರಾಜನಗರದ ಮಂಡಿಯವರೆಗೆ ನನ್ನ ಕೆಂಪು ರುಜು ನಡೆಯುತ್ತಿತ್ತು. ಕಂಪನಿಗೆ ಟೋಪಿ ಹಾಕಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಓಣಂಗೆ ಎರಡು ದಿನ ಮುಂಚಿನ ಮಾತು. ಹರವೆಯ ಮಾದೇವ ಮಧ್ಯಾಹ್ನ ಖಾಲಿ ಲಾರಿ ತೂಗಿಸಿಕೊಂಡು ಹೋಗಿದ್ದ. ಮಾದೇವ ನನ್ನ ಹಳೆಯ ವಿದ್ಯಾರ್ಥಿ. ಲೆಕ್ಕದಲ್ಲಿ ಅಷ್ಟಕ್ಕಷ್ಟೆ, ಆದರೆ ಇಂದಿಗೂ ನನ್ನ ಮುಂದೆ ಕುರ್ಚಿಯಲ್ಲಿ ಕೂರದವನು. ಈ ಸಲ ಮೊದಲ ಬಾರಿಗೆ ದಲ್ಲಾಳಿಯನ್ನು ಬಿಟ್ಟು, ತಾನು ಬೆಳೆದ ಚೆಂಡು ಹೂವನ್ನು ನೇರವಾಗಿ ಕೇರಳದ ವ್ಯಾಪಾರಿಗೆ ಮಾತಾಡಿಕೊಂಡಿದ್ದ. ಸಂಜೆ ಏಳು ಗಂಟೆಗೆ ಎಂಬತ್ತು ಚೀಲ ಹೇರಿಕೊಂಡು ಬಂದ. ಜೊತೆಯಲ್ಲಿ ವ್ಯಾಪಾರಿಯ ಕಡೆಯವನಾದ ಜೋಯಿ. ಬಂಡೀಪುರದ ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಅಷ್ಟರಲ್ಲಿ ದಾಟಿದರೆ ಹೂವು ಬೆಳಗಿನ ಮಾರುಕಟ್ಟೆಗೆ ಸಿಗುತ್ತದೆ. ದಾಟದಿದ್ದರೆ ಚೀಲದೊಳಗೇ ಕಾವು ಹೆಚ್ಚಿ ಕಪ್ಪಾಗುತ್ತದೆ, ಓಣಂ ಕಳೆದ ಮೇಲೆ ಅದನ್ನು ಕೇಳುವವರೂ ಇಲ್ಲ. ಇಲ್ಲಿಂದ ಗೇಟಿಗೆ ಲೋಡ್ ಗಾಡಿಯಲ್ಲಿ ಅರ್ಧ ಗಂಟೆಯ ದಾರಿ. ಸಮಯ ಬೇಕಾದಷ್ಟಿತ್ತು. ನಾನು ತೂಗಿದೆ, ಚೀಟಿ ತೆಗೆದೆ, ಮಾರ್ಚ್ ಹದಿನಾಲ್ಕನ್ನು ಹೊಡೆದುಹಾಕಿ ರುಜು ಮಾಡಿ ಜೋಯಿಯ ಕೈಗೆ ಕೊಟ್ಟೆ.

ಜೋಯಿ ಚೀಟಿಯನ್ನು ದೀಪದ ಕೆಳಗೆ ಹಿಡಿದು ನೋಡಿದ. ಇದು ಯಾರ ರುಜು ಎಂದು ಕೇಳಿದ. ನನ್ನದೇ ಎಂದೆ. ಅವನು ಸಿಟ್ಟಾಗಲಿಲ್ಲ, ಬಹಳ ಮರ್ಯಾದೆಯಿಂದಲೇ ಚೀಟಿ ವಾಪಸು ಕೊಟ್ಟ. "ಮಾಷೇ, ನೀವು ಇಲ್ಲಿ ದೊಡ್ಡ ಮನುಷ್ಯರು. ಕಾಡು ದಾಟಿದ್ರೆ ನೀವು ಯಾರು ಅಂತ ನಮ್ಮ ಮೊದಲಾಳಿಗೆ ಗೊತ್ತಿಲ್ಲ," ಎಂದ. ಚೀಟಿಯ ಫೋಟೋ ಹೋದ ಮೇಲೆಯೇ ಮೊದಲಾಳಿ, ಅಂದರೆ ಅವನ ಯಜಮಾನ, ಹಣ ಹಾಕುವುದಂತೆ. ತಿದ್ದಿದ ಚೀಟಿಯಿಂದ ಒಮ್ಮೆ ಮೋಸಹೋದವನಂತೆ. ಈ ದಿನದ ತಾರೀಖು ಯಂತ್ರದಿಂದಲೇ ಬಂದಿರಬೇಕು, ಇಲ್ಲವಾದರೆ ಲೋಡು ಬೇಡ ಎಂದ. ಮಾದೇವ ನನ್ನ ಮುಖ ನೋಡಿದ. ಗೋಡೆಯ ಗಡಿಯಾರದಲ್ಲಿ ಏಳೂ ಕಾಲು.

ಅದರಲ್ಲೇನಿದೆ ಎಂದು ತಾರೀಖನ್ನು ಈ ದಿನಕ್ಕೆ ತಂದೆ. ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಸಾಫ್ಟ್‌ವೇರ್ ಆಗ ಬಾಯಿ ಬಿಟ್ಟಿತು. ಬಿಟ್ಟಿ ಅವಧಿ ಮುಗಿದಿದೆ, ಚಂದಾ ಕಟ್ಟಿ ಎಂದು ಪರದೆಯ ತುಂಬ ಕೆಂಪಗೆ ಬರೆದುಕೊಂಡು ಕೂತಿತು. ಹಿಂದಕ್ಕೆ ತಳ್ಳಿ ನೋಡಿದೆ, ಅವಧಿ ಮುಗಿದದ್ದನ್ನು ಒಮ್ಮೆ ಕಂಡ ಮೇಲೆ ಅದು ಬಗ್ಗಲಿಲ್ಲ. ಗಡಿಯಾರ ತಿರುಚಿದ್ದು ಗೊತ್ತಾಗಿದೆ ಎಂದು ಇನ್ನೊಂದು ಸಾಲು ಬಂತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ರೂಢಿಯಿದ್ದ ನಾನು ಕುರ್ಚಿಯಿಂದ ಎದ್ದು ನಿಂತೆ. ಮಧ್ಯಾಹ್ನದ ಖಾಲಿ ತೂಕ ಇದ್ದದ್ದು ಆ ಬೀಗ ಬಿದ್ದ ಪರದೆಯ ಹಿಂದೆಯೇ. ಅದಿಲ್ಲದೆ ಲಾರಿಯಲ್ಲಿ ಹೂವೆಷ್ಟು, ಕಬ್ಬಿಣವೆಷ್ಟು ಎಂದು ಜೋಯಿ ಒಪ್ಪುವ ಚೀಟಿ ಕೊಡುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ.

ಅಂಗಡಿಗೆ ಫೋನ್ ಮಾಡೋಣವೆಂದರೆ ನನ್ನ ಲೈಫ್‌ಟೈಮ್ ಸಿಮ್ಮಿನ ರೀಚಾರ್ಜ್ ಹಿಂದಿನ ದಿನವೇ ಮುಗಿದಿತ್ತು. ವೇಬ್ರಿಡ್ಜಿನ ಹಿಂದೆಯೇ ಇರುವ ನಮ್ಮ ಮನೆಯಲ್ಲಿದ್ದ ಗಿರಿಜೆಯನ್ನು ಕೂಗಿದೆ. ಅವಳ ಫೋನಿನಿಂದ ಅಂಗಡಿಯ ಹುಡುಗಿಯೊಬ್ಬಳು ಸಿಕ್ಕಳು. ತಿಂಗಳದ್ದು ಬೇಕೋ ವರ್ಷದ್ದೋ ಎಂದು ಕೇಳಿದಳು. ಹೊರಗೆ ಹೂವು ಕಾವೇರುತ್ತಿದೆ, ಗೇಟು ಮುಚ್ಚುವ ಹೊತ್ತು ಹತ್ತಿರವಾಗುತ್ತಿದೆ, ಮಾದೇವ ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಳೇ ಗಿರಾಕಿಗೆ ಲೈಫ್‌ಟೈಮ್ ಕೊಡೋಕಾಗಲ್ವೇನಮ್ಮ ಎಂದು ಕೇಳಿದೆ. ಗಿರಿಜೆ ಫೋನ್ ಕಿತ್ತುಕೊಂಡು, ಒಂದು ತಿಂಗಳದ್ದು ಎಂದು ಹೇಳಿ, ತನ್ನ ಖಾತೆಯಿಂದಲೇ ಕಟ್ಟಿದಳು. ಎರಡು ನಿಮಿಷದಲ್ಲಿ ಬೀಗ ಬಿಟ್ಟಿತು.

ಚೀಟಿ ಮುದ್ರಣವಾಗಿ ಹೊರಬಂದಾಗ ಏಳು ಮೂವತ್ತೈದು. ಪೆನ್ನಿನ ಗುರುತಿಲ್ಲದ, ಈ ದಿನದ ತಾರೀಖಿನ ಅಚ್ಚುಕಟ್ಟಾದ ಚೀಟಿ. ಜೋಯಿ ಓದಿ, ತಲೆ ಕೆರೆದುಕೊಂಡು ಬೆರಳಿಟ್ಟು ತೋರಿಸಿದ. ತುಂಬಿದ ತೂಕಕ್ಕೆ ಈ ದಿನದ ತಾರೀಖು ಬಿದ್ದಿತ್ತು, ಖಾಲಿ ತೂಕಕ್ಕೆ ಮಾರ್ಚ್ ಹದಿನಾಲ್ಕು. ಅಂದರೆ ನಮ್ಮ ಮಾದೇವ ಮಾರ್ಚ್‌ನಲ್ಲಿ ಖಾಲಿ ಲಾರಿ ತೂಗಿಸಿ ಹೋದವನು, ಐದು ತಿಂಗಳು ಹೂವು ತುಂಬಿ ಈಗ ವಾಪಸು ಬಂದಿದ್ದ. ಬೇರೆ ಹೊತ್ತಾಗಿದ್ದರೆ ನಾನೇ ನಗುತ್ತಿದ್ದೆನೇನೋ. ಜೋಯಿ ನಗದೆ ತಲೆ ಅಲ್ಲಾಡಿಸಿದ. ಖಾಲಿ ಲಾರಿಯನ್ನು ಮತ್ತೆ ತೂಗದೆ ಬೇರೆ ದಾರಿ ಇರಲಿಲ್ಲ. ಇನ್ನೊಂದು ವೇಬ್ರಿಡ್ಜಿಗೆ ಹೋದರೂ ಅದೇ ಮಾತು. ಖಾಲಿ ಲಾರಿ ಬೇಕೆಂದರೆ ಎಂಬತ್ತು ಚೀಲ ಕೆಳಗಿಳಿಯಬೇಕು, ತೂಗಬೇಕು, ಎಂಬತ್ತೂ ಮತ್ತೆ ಮೇಲೇರಬೇಕು. ಎಂಟೂ ಕಾಲಿಗಾದರೂ ಲಾರಿ ಹೊರಡಬೇಕು.

ಮಾದೇವ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಡ್ರೈವರಿಗೆ, "ಡೋರ್ ಬುಡ್ಲಾ, ಇಳ್ಸನ," ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎದುರಿನ ಟೀ ಅಂಗಡಿಯವನು ಹಾಲಿನ ಪಾತ್ರೆಯನ್ನು ಒಲೆಯಿಂದಿಳಿಸಿ ಓಡಿಬಂದ. ಅಲ್ಲಿ ಟೀ ಕುಡಿಯುತ್ತಿದ್ದ ನಾಲ್ವರು ಬಂದರು. ಜೋಯಿ ಇಸ್ತ್ರಿ ಮಾಡಿದ ಅಂಗಿಯನ್ನು ಬಿಚ್ಚಿ ನನ್ನ ಕುರ್ಚಿಯ ಮೇಲಿಟ್ಟು ಬಂದ. ನಾನೂ ಬೆನ್ನು ಕೊಟ್ಟೆ. ಹೂವೆಂದರೆ ಹಗುರ ಎಂದು ಬರೆಯುವ ಕವಿಗಳ ಬೆನ್ನಿಗೆ ಒಂದು ಚೀಲ ಚೆಂಡು ಹೂವು ಹೊರಿಸಬೇಕು. ಮೂರನೇ ಚೀಲಕ್ಕೆ ಮಂಡಿ ಬಿದ್ದುಹೋಯಿತು, ಏಳನೆಯದಕ್ಕೆ ಸೊಂಟದಲ್ಲಿ ಏನೋ ಛಳಕ್ ಎಂದಿತು. ಸಾಕು ಬಿಡಿ ಸಾ ಎಂದು ಯಾರೋ ಹೇಳಿದರು. ಬಿಡಲಿಲ್ಲ, ಬಿಟ್ಟರೆ ಮಾದೇವನ ಮುಖ ನೋಡಬೇಕಾಗುತ್ತಿತ್ತು. ಗಿರಿಜೆ ಕಂಪ್ಯೂಟರಿನ ಮುಂದೆ ಕೂತು ಐದೈದು ನಿಮಿಷಕ್ಕೆ ಗಂಟೆ ಎಷ್ಟಾಯಿತೆಂದು ಕೂಗಿ ಹೇಳುತ್ತಿದ್ದಳು. ಕೊನೆಯ ಚೀಲ ಮೇಲೇರಿದಾಗ ಎಂಟು ಇಪ್ಪತ್ತೆರಡು. ಚೀಟಿಯನ್ನು ಅವಳೇ ಮುದ್ರಿಸಿ ಕೊಟ್ಟಳು, ಮಾದೇವ ಲಾರಿಯ ಕ್ಯಾಬಿನ್ನಿಗೆ ಹತ್ತಿದ, ಲಾರಿ ಹೋಯಿತು.

ಆಮೇಲಿನ ಮುಕ್ಕಾಲು ಗಂಟೆ ಚೀಲ ಹೊತ್ತದ್ದಕ್ಕಿಂತ ಕಷ್ಟವಾಯಿತು. ಗೇಟಿನ ಹತ್ತಿರ ಫೋನ್ ಸಿಗ್ನಲ್ ಇದೆ, ಕಾಡಿನೊಳಗೆ ಇಲ್ಲ. ದಾಟಲು ಬಿಡದಿದ್ದರೆ ಮಾದೇವ ಫೋನ್ ಮಾಡುತ್ತಾನೆ, ದಾಟಿದ್ದರೆ ಸುದ್ದಿಯೇ ಇರುವುದಿಲ್ಲ. ಫೋನ್ ಬರದಿರಲಿ ಎಂದು ನಾವಿಬ್ಬರೂ ಅದನ್ನು ಮೇಜಿನ ಮೇಲಿಟ್ಟುಕೊಂಡು ಕಾದೆವು. ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಅದು ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟೆ. ಅಂಗಡಿಯ ಹುಡುಗಿ. ಸಾಫ್ಟ್‌ವೇರ್ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಸರ್, ನಮಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದಳು. ಜೀವಮಾನದಲ್ಲಿ ಯಾರಿಗೂ ಪುಕ್ಕಟೆ ಅಂಕ ಕೊಡದ ನಾನು, ಐದಕ್ಕೆ ಐದು ಕೊಟ್ಟು ಫೋನ್ ಇಟ್ಟೆ. ಆಮೇಲೆ ಬೇರೆ ಕರೆ ಬರಲಿಲ್ಲ.

ಮೂರು ದಿನ ಬಿಟ್ಟು ಮಾದೇವ ಒಂದು ಚಿಪ್ಪು ನೇಂದ್ರ ಬಾಳೆ ಹಿಡಿದುಕೊಂಡು ಬಂದ. ಗೇಟಿನಲ್ಲಿ ಅವನ ಹಿಂದೆ ಇನ್ನೆರಡೇ ಗಾಡಿ ಬಿಟ್ಟರಂತೆ. ಬೆಳಿಗ್ಗೆ ಹೂವೆಲ್ಲ ಖರ್ಚಾಯಿತಂತೆ. ನಾನು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದೆ. ನನ್ನಿಂದ ನಿನಗೆ ತೊಂದರೆಯಾಯಿತು ಮಾದೇವ, ಆ ತಾರೀಖಿನ ವಿಷಯ ಮೊದಲೇ ಹೇಳಬೇಕಿತ್ತು ಎಂದೆ. ಅವನು ನೆಲ ನೋಡಿದ.

"ಗೊತ್ತಿತ್ತು ಸಾ. ಎಲ್ಲಾರ್ಗೂ ಗೊತ್ತಿತ್ತು. ನೀವು ಅಷ್ಟು ಚೆಂದಾಗಿ ತಿದ್ದಿ ಕೊಡ್ತಿದ್ರಿ, ಮೇಷ್ಟ್ರಿಗೆ ತಪ್ಪು ಅಂತ ಎಂಗೇಳದು ಅಂತ ಸುಮ್ಕಿದ್ದೊ," ಎಂದ. ಮಂಡಿಯಲ್ಲಿ ಯಾರಾದರೂ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರೆ ಇವರೇ ನಿಂತು, ನಮ್ಮ ಮೇಷ್ಟ್ರು ಸುಳ್ಳು ಬರೆಯೋರಲ್ಲ ಎಂದು ಜಗಳವಾಡಿ ನಡೆಸಿಕೊಂಡು ಬರುತ್ತಿದ್ದರಂತೆ. ಐದು ತಿಂಗಳು ನಾನು ಟೋಪಿ ಹಾಕಿದ್ದು ಕಂಪನಿಗೆ ಎಂದುಕೊಂಡಿದ್ದೆ. ನಾನು ಕಟ್ಟದ ಚಂದಾವನ್ನು ಇವರೆಲ್ಲ ನನ್ನ ಪರವಾಗಿ ದಿನಾ ಕಟ್ಟುತ್ತಿದ್ದರು. ಕೂತ್ಕೋ ಮಾದೇವ ಎಂದೆ. ಅವನು ಕೂರಲಿಲ್ಲ.

ಇಷ್ಟಾದ ಮೇಲೆ ನಾನು ಬದಲಾದೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಮೊನ್ನೆ ಪರದೆಯ ಮೇಲೆ 'ಇನ್ನು ಎರಡು ದಿನ' ಎಂದು ಬಂತು. ಗಿರಿಜೆ ಊಟಕ್ಕೆ ಹೋಗಿದ್ದಳು, ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಸುಮ್ಮನೆ, ಆಗುತ್ತದೆಯೋ ಇಲ್ಲವೋ ನೋಡೋಣವೆಂದಷ್ಟೇ, ಮೂಲೆಯ ತಾರೀಖಿನ ಮೇಲೆ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಎಲ್ಲರ ಹುಟ್ಟಿದ ದಿನವನ್ನೂ ಹಾಕಿ ನೋಡುತ್ತಿರುವಾಗ ಹಿಂದೆ ಗಿರಿಜೆ ಬಂದು ನಿಂತಿದ್ದಳು. ಏನದು ಪಾಸ್‌ವರ್ಡ್ ಎಂದು ಗದರಿಸಿಯೇ ಕೇಳಿದೆ.

"ನಂಗೂ ಗೊತ್ತಿಲ್ಲ ಕಣ್ರೀ. ಅವತ್ತು ಬಾಳೆ ತಂದಾಗ ಮಾದೇವನ ಕೈಲೇ ಹಾಕಿಸ್ದೆ," ಎಂದಳು. "ಬೇಕಾದ್ರೆ ಹರವೆಗೆ ಹೋಗಿ ಕೇಳ್ಕೊಂಡು ಬನ್ನಿ."

ವರ್ಷದ ಚಂದಾ ಕಟ್ಟಿಬಿಟ್ಟೆ.